ಕೈಕೊಟ್ಟ ಕತ್ತುನೋವು

ಮೂರು ತಿಂಗಳಿಂದ ಒಂದು ದಿನವೂ ರಜೆ ಹಾಕದೆ ದುಡಿದಿದ್ದ ಕತ್ತುನೋವು, ಬೇಕಾದ ದಿನವೇ ಸರಿಯಾಗಿ ಕೈಕೊಟ್ಟಿತು. ಪಾರ್ಸೆಲ್ ಗುಮಾಸ್ತ ಹಾಸಿಗೆಯಲ್ಲಿ ಎದ್ದು ಕೂತು ಕತ್ತನ್ನು ಎಡಕ್ಕೆ ತಿರುಗಿಸಿದ, ತಿರುಗಿತು. ಬಲಕ್ಕೆ ತಿರುಗಿಸಿದ, ಅದೂ ತಿರುಗಿತು. ಹೆದರಿ ಹೆಂಡತಿಯನ್ನು ಕೂಗಿದ.

"ನೋವೇ ಇಲ್ಲ ಕಣೇ," ಎಂದ.

"ಅಯ್ಯೋ, ಇವತ್ತೇ ಹೋಗ್ಬೇಕಿತ್ತಾ ಅದು?" ಎಂದಳು ಆಕೆ.

ಆಕೆಯ ಗಾಬರಿಗೆ ಕಾರಣವಿತ್ತು. ಸಿಗ್ನಲ್‌ನಲ್ಲಿ ನಿಂತಿದ್ದ ಬಸ್ಸಿಗೆ ಹಿಂದಿನಿಂದ ಲಾರಿ ಗುದ್ದಿದಾಗ ಅವನ ತಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಹೋಗಿ ಬಂದಿತ್ತು. ಉಳಿದ ಪ್ರಯಾಣಿಕರು ಲಾರಿಯವನನ್ನು ಬೈದು ಮನೆಗೆ ಹೋದರು. ಇವನು ನೋವನ್ನೂ ಜೊತೆಗೆ ಕರೆತಂದ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಕಾಣದ ನೋವೆಂದರೆ ಇಲ್ಲದ ನೋವು ಎಂದು ತಿಳಿಯುವಷ್ಟು ಬುದ್ಧಿವಂತರು ಅವನ ಕಚೇರಿಯ ತುಂಬ ಇದ್ದರು.

ಅವನ ಸೀಟಿಗೆ ಗಿರಾಕಿಗಳ ಕಿಟಕಿ ಎಡಕ್ಕೆ, ಕಂಪ್ಯೂಟರು ಬಲಕ್ಕೆ. ದಿನವಿಡೀ ಟೇಬಲ್ ಫ್ಯಾನಿನ ಹಾಗೆ ಕತ್ತು ತಿರುಗಿಸುತ್ತಿರಬೇಕು. ಒಳಕೋಣೆಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅಲ್ಲಿ ಕೂತವರು ಗೋಡೆಗೆ ಮುಖ ಮಾಡಿ, ವಿಳಾಸ ಸರಿಯಿಲ್ಲದ ಪಾರ್ಸೆಲ್‌ಗಳನ್ನು ವಿಂಗಡಿಸಿದರೆ ಸಾಕು. ಆ ಕುರ್ಚಿಗಾಗಿ ಅವನು ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ಹಿಡಿಯುತ್ತಿದ್ದನೇನೋ, ಬಗ್ಗಲು ಕತ್ತು ಬಿಡಲಿಲ್ಲ. ಕೊನೆಗೆ ಸಾಹೇಬರು, ಕಚೇರಿಯ ಡಾಕ್ಟರು ಪರೀಕ್ಷಿಸಿ ಹೇಳಿದಂತೆ ಮಾಡೋಣ ಎಂದಿದ್ದರು. ಡಾಕ್ಟರು ಬರುವುದು ಇವತ್ತು.

ಹೆಂಡತಿ ಅವನ ತಲೆಯಡಿ ಎರಡು ದಿಂಬು ತುರುಕಿ ಇನ್ನೊಂದಿಷ್ಟು ಹೊತ್ತು ಮಲಗಿಸಿದಳು. ನೋವು ಬರಲಿಲ್ಲ, ನಿದ್ದೆ ಬಂತು. ಆಮೇಲೆ ಮಹಡಿ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರನ್ನು ಕರೆತಂದಳು. ಈ ಹಿರಿಯರು ಹಿಂದೊಮ್ಮೆ ಬೇಡವೆಂದರೂ ಕೇಳದೆ ಅವನ ಕತ್ತು ಹಿಡಿದು ಲಟಕ್ಕೆನಿಸಿ, ವಾರಗಟ್ಟಲೆ ಸೂರು ನೋಡುವಂತೆ ಮಾಡಿದ್ದರು. ಅದೇ ಪಟ್ಟನ್ನು ಇನ್ನೊಮ್ಮೆ ಹಾಕಿ ಎಂದು ಗುಮಾಸ್ತ ತಾನಾಗಿಯೇ ಕತ್ತು ಒಡ್ಡಿದ. ಮೇಷ್ಟ್ರು ಸಂತೋಷದಿಂದ ಹಾಕಿದರು. ಉಳಿದಿದ್ದ ಚೂರುಪಾರು ಬಿಗಿತವೂ ಹೋಗಿ ಕತ್ತು ಹಗುರಾಯಿತು. ತಮ್ಮ ಕೈಗುಣವನ್ನು ತಾವೇ ಹೊಗಳಿಕೊಂಡು ಮೇಷ್ಟ್ರು ಮಹಡಿ ಹತ್ತಿದರು.

ಗುಮಾಸ್ತ ಕತ್ತುಪಟ್ಟಿ ಬಿಗಿದುಕೊಂಡು ಕಚೇರಿಗೆ ಹೋದ. ಪಕ್ಕದ ಕಿಟಕಿಯಲ್ಲಿ ಕೂರುವ ಮೇಡಂ ಇಷ್ಟು ದಿನವೂ ಅವನ ನೋವನ್ನು ನಾಟಕವೆಂದೇ ಎಲ್ಲರಿಗೂ ಹೇಳಿಕೊಂಡು ಬಂದವರು. ನಾಟಕದ ಬಗ್ಗೆ ಅಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವರಲ್ಲೇ ಗುಟ್ಟು ಬಿಚ್ಚಿದ.

"ನಿಜವಾದ ನೋವನ್ನೇ ಯಾರೂ ನಂಬ್ಲಿಲ್ಲ ಅಂದ್ರೆ, ನಿಮಗೆ ನೋವು ತೋರ್ಸೋಕೆ ಬರಲ್ಲ ಅಂತ ಅರ್ಥ," ಎಂದರು ಮೇಡಂ. "ನಾನು ಹೇಳ್ಕೊಡ್ತೀನಿ."

ಗಿರಾಕಿಗಳ ನಡುವೆಯೇ ಪಾಠ ನಡೆಯಿತು. ತಿರುಗುವಾಗ ಕತ್ತಲ್ಲ, ಇಡೀ ಮೈ ತಿರುಗಬೇಕು. ಮುಟ್ಟಿದ ತಕ್ಷಣ ಕೂಗಬಾರದು, ಒಂದು ಕ್ಷಣ ಸಹಿಸಿಕೊಂಡವರಂತೆ ತಡೆದು, ಆಮೇಲೆ ನರಳಬೇಕು. ಅವನು ನರಳಿ ನೋಡಿದ. ಕಿಟಕಿಯಾಚೆ ನಿಂತಿದ್ದವರೊಬ್ಬರು ಬೆಚ್ಚಿಬಿದ್ದು, 'ಗಾಜು, ಜೋಪಾನ' ಎಂದು ಬರೆದಿದ್ದ ಪೆಟ್ಟಿಗೆಯನ್ನು ಕೈಬಿಟ್ಟರು. ಒಳಗಿನದು ಪುಡಿಪುಡಿಯಾದ ಸದ್ದಿಗೆ ಸಾಹೇಬರು ಓಡಿಬಂದರು, ಹಿಂದೆಯೇ ಆಗಷ್ಟೇ ಬಂದಿಳಿದ ಡಾಕ್ಟರೂ ಬಂದರು.

ಪರೀಕ್ಷೆ ಅಲ್ಲೇ ಶುರುವಾಯಿತು. ಎಡಕ್ಕೆ ತಿರುಗಿ ಎಂದರೆ ಅವನು ಬೀರು ಸರಿಸಿದಂತೆ ಇಡಿಯಾಗಿ ತಿರುಗಿದ. ಡಾಕ್ಟರು ಬೇಕೆಂದೇ ಪೆನ್ನು ಕೆಳಗೆ ಬೀಳಿಸಿದರು. ಅವನು ಕಣ್ಣು ಕೂಡ ಬಗ್ಗಿಸಲಿಲ್ಲ. ಪಟ್ಟಿಯೊಳಗೆ ಬೆರಳು ತೂರಿಸಿ ಕತ್ತಿನ ಹಿಂದೆ ಒತ್ತಿದಾಗ ಕ್ಷಣ ತಡೆದು ಅವನು ನರಳಿದ ಪರಿಗೆ, ಒಂದು ದಿನದ ರಜೆ ಕೊಡಲೂ ಒದ್ದಾಡುತ್ತಿದ್ದ ಸಾಹೇಬರ ಕಣ್ಣು ತೇವವಾಯಿತು.

"ಪಾಪ, ನಿಜವಾದ ನೋವು," ಎಂದರು ಡಾಕ್ಟರು. "ಸುಳ್ಳು ನೋವಾದ್ರೆ ನನಗೆ ತಕ್ಷಣ ಗೊತ್ತಾಗುತ್ತೆ."

ಗುಮಾಸ್ತನ ಎದೆ ಹಿಗ್ಗಿತು. ಒಳಕೋಣೆಯ ಕುರ್ಚಿಯಲ್ಲಿ ಮನಸ್ಸು ಆಗಲೇ ಹೋಗಿ ಕೂತಿತ್ತು.

"ಇಷ್ಟು ದಿನ ಆದ್ರೂ ಕತ್ತು ಹೀಗೆ ಮರಗಟ್ಟಿದೆ ಅಂದ್ರೆ, ಆಡಿಸದೆ ಇಟ್ಟಿರೋದೇ ಕಾರಣ," ಎಂದು ಡಾಕ್ಟರು ಮುಂದುವರಿಸಿದರು. "ಈ ಪಟ್ಟಿ ಬಿಚ್ಚಿ ಮೊದ್ಲು. ಗೋಡೆ ಎದುರು ಕೂರಿಸಿದ್ರೆ ಇವರು ಕಂಬ ಆಗ್ಬಿಡ್ತಾರೆ. ಆ ಕಡೆ ಈ ಕಡೆ ತಿರುಗೋ ಈ ಕೆಲಸವೇ ಇವರಿಗೆ ಔಷಧಿ."

"ಒಂದು ಕಿಟಕಿ ಸಾಕಾ ಡಾಕ್ಟ್ರೇ, ಎರಡು ಕೊಡ್ಲಾ?" ಎಂದು ಸಾಹೇಬರು ಮರುಕದಿಂದ ಕೇಳಿದರು.

ಎರಡಾದರೆ ಇನ್ನೂ ಒಳ್ಳೆಯದು ಎಂದರು ಡಾಕ್ಟರು.

"ಒಂದು ವೇಳೆ ನೋವು ಹೋಗಿದ್ರೆ?" ಗುಮಾಸ್ತ ಸಣ್ಣ ದನಿಯಲ್ಲಿ ಕೇಳಿದ.

"ಹೋಗಿದ್ರೆ ನಿಮ್ಮಿಷ್ಟ. ಎಲ್ಲಿ ಬೇಕಾದ್ರೂ ಕೂರಬಹುದಿತ್ತು," ಎಂದರು ಡಾಕ್ಟರು.

ಹೀಗೆ ಪಕ್ಕದ ಕಿಟಕಿಯೂ ಅವನ ಪಾಲಿಗೆ ಬಂತು. ಕಿಟಕಿ ಕಳೆದುಕೊಂಡ ಮೇಡಂಗೆ ಸಾಹೇಬರು ಒಳಕೋಣೆಯ ಕುರ್ಚಿ ತೋರಿಸಿದರು. ಆಕೆ ಚೀಲ, ನೀರಿನ ಬಾಟಲಿ ಎತ್ತಿಕೊಂಡು ಹೊರಟೇಬಿಟ್ಟರು. ಅದನ್ನು ನೋಡಲು ಗುಮಾಸ್ತ ಪಟ್ಟಿ ಬಿಚ್ಚಿದ್ದ ಕತ್ತನ್ನು ಗಕ್ಕನೆ ಹೊರಳಿಸಿದ. ಹೆಡಕಿನಿಂದ ಹೆಗಲವರೆಗೆ ಹಳೆಯ ನೋವು, ಊರಿಗೆ ಹೋಗಿ ಬಂದವರ ಹುರುಪಿನಲ್ಲಿ, ಜಗ್ಗಿ ಹಿಡಿಯಿತು. ಅವನು ಹೃದಯ ಕಿತ್ತು ಬರುವಂತೆ ಚೀರಿದ.

"ಎಷ್ಟು ಚೆನ್ನಾಗಿ ತಿರುಗಿಸಿದ್ರು ನೋಡಿ," ಎಂದು ಡಾಕ್ಟರು ಸಾಹೇಬರಿಗೆ ತೋರಿಸಿದರು. "ಔಷಧಿ ಆಗಲೇ ಹಿಡೀತಿದೆ."

ಮೇಡಂ ಒಳಗಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗೋಡೆ ನೋಡುತ್ತಲೇ ಮೆಲ್ಲಗೆ ಹೇಳಿದರು: "ಮುಂಚಿನಷ್ಟು ಸಹಜವಾಗಿ ಬರ್ಲಿಲ್ಲ."