ನಮ್ಮನೆ ಕಂಪ್ಯೂಟರಿನ ಕಾವಲು

ಕಳ್ಳರನ್ನು ತಡೆಯೋ ಬೀಗ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಮನೆಯವರನ್ನು ತಡೆಯೋ ಬೀಗ ಎಲ್ಲಿ ಸಿಗುತ್ತೋ ನಂಗಿನ್ನೂ ಗೊತ್ತಾಗಿಲ್ಲ. ಅದಕ್ಕೇ ನಮ್ಮನೇಲಿ ಇಂಥದ್ದು ಒಂದಲ್ಲ ಒಂದು ನಡೀತಾನೇ ಇರುತ್ತೆ.

ನಾನು ಸಂಜಯನಗರದ ಮನೇಲೇ ಕೂತು ಡಿಟಿಪಿ ಮಾಡೋಳು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಎಲ್ಲ ಬರುತ್ತೆ. ಆದರೆ ಅನ್ನ ಹಾಕೋದು ಹತ್ತಿರದ ಶಾಲೆಯೊಂದರ ಪ್ರಶ್ನೆಪತ್ರಿಕೆ. ಕೆಲಸ ಕೊಡುವಾಗಲೇ ಪ್ರಿನ್ಸಿಪಾಲ್ ಮೇಡಂ ಹೇಳಿದ್ದರು: "ನೋಡಮ್ಮ, ನಿನ್ನ ಕಂಪ್ಯೂಟರನ್ನ ಇನ್ನೊಬ್ರು ಮುಟ್ಟಬಾರದು. ಪೇಪರ್ ಹೊರಗೆ ಹೋದ್ರೆ ನಿನ್ನ ಕೆಲಸಾನೂ ಹೋಯ್ತು, ನನ್ನ ಮಾನಾನೂ ಹೋಯ್ತು."

ತಲೆಯಾಡಿಸಿ ಬಂದೆ. ಮೇಡಂ ಇನ್ನೂ ನಮ್ಮತ್ತೇನ ನೋಡಿರಲಿಲ್ಲ.

ತವರೂರು

ಮೊದಲು ಪಾಸ್‌ವರ್ಡ್ ಹಾಕಿದೆ. ಅತ್ತೆಗೆ ಕೋಪ ಬಂತು.

"ಈ ಮನೇಲಿರೋದು ಮೂರು ಜನ. ಇದರಲ್ಲಿ ಕಳ್ಳರು ಯಾರು ಅಂತ ಹೇಳ್ಬಿಡು."

"ಕಳ್ಳರು ಅಂತಲ್ಲ ಅತ್ತೆ, ಶಾಲೆಯವರ ರೂಲ್ಸು."

ಮಾರನೇ ದಿನ ಯಲಹಂಕಕ್ಕೆ ಹೋಗಿ ಬರೋಷ್ಟರಲ್ಲಿ ಪಕ್ಕದ್ಮನೆ ಆಂಟಿ ನನ್ನ ಕುರ್ಚೀಲಿ ಕೂತು ಆಧಾರ್ ಕಾರ್ಡ್ ಪ್ರಿಂಟ್ ತೆಗೀತಿದಾರೆ. ಪಕ್ಕದಲ್ಲಿ ಅತ್ತೆ ನಿಂತು ಮಾರ್ಗದರ್ಶನ ಮಾಡ್ತಿದಾರೆ.

ತಪ್ಪು ನಂದೇ. ಮರೆತುಹೋದರೆ ಇರಲಿ ಅಂತ "ಅತ್ತೆ ಊರು" ಅನ್ನೋ ಸುಳಿವು ಇಟ್ಟಿದ್ದೆ. ಆಂಟಿ ಒಂದು ಸಲ ಏನೋ ಒತ್ತಿದ ಕೂಡಲೇ ಕಂಪ್ಯೂಟರೇ ಅದನ್ನ ತೋರಿಸಿದೆ. ಅತ್ತೆ "ಹೆಸರಘಟ್ಟ" ಅಂದಿದಾರೆ, ಆಂಟಿ ಟೈಪ್ ಮಾಡಿದಾರೆ, ಬಾಗಿಲು ತೆರೆದಿದೆ.

ನಾನು ಬೈಯೋಕೆ ಬಾಯಿ ತೆಗೆಯೋ ಮುಂಚೆ ಅತ್ತೇನೇ ಶುರು ಮಾಡಿದರು: "ಅಲ್ಲ ಕಣೇ, ನನ್ನ ತವರೂರಿನ ಹೆಸರನ್ನ ಹಿಂಗೆ ಚುಕ್ಕೆ ಚುಕ್ಕೆ ಮಾಡಿ ಮುಚ್ಚಿಡ್ತೀಯಲ್ಲ, ಅಷ್ಟು ಅವಮಾನ ಆಗೋ ಊರಾ ಅದು?"

ಬೆರಳು

"ಪಾಸ್‌ವರ್ಡೆಲ್ಲ ಹಳೇ ಕಾಲದ್ದು," ಅಂತ ನಮ್ಮೆಜಮಾನರು ಅದನ್ನ ತೆಗೆದುಹಾಕಿ, ಬೆರಳಚ್ಚು ಗುರುತಿಸೋ ಒಂದು ಪುಟ್ಟ ಯಂತ್ರ ತಂದು ಸಿಕ್ಕಿಸಿದರು. "ಸುಮ್ನೆ ಟೆಸ್ಟಿಂಗಿಗೆ" ಅಂತ ತಮ್ಮ ಬೆರಳನ್ನೂ ಸೇರಿಸಿದರು. ಬೆರಳು ಹಿಡಿಯದಿದ್ದರೆ ಇರಲಿ ಅಂತ ಒಂದು ಪಿನ್ನೂ ಇಟ್ಟರು. ಅದನ್ನ ನನಗೆ ಹೇಳೋದು ಮರೆತರು.

ಅವರೆಕಾಯಿ ಕಾಲ. ಬೆಳಗ್ಗೆಯಿಂದ ಅತ್ತೆ ಜೊತೆ ಕೂತು ನೆನೆಸಿದ ಅವರೆಕಾಳು ಹಿಸುಕಿ ಹಿಸುಕಿ ಬೆರಳೆಲ್ಲ ಸುಕ್ಕು. ಅಷ್ಟರಲ್ಲಿ ಶಾಲೆಯಿಂದ ಫೋನು: ಒಂದು ತಪ್ಪು ತಿದ್ದಬೇಕು, ಅರ್ಜೆಂಟು. ಓಡಿಹೋಗಿ ಬೆರಳಿಟ್ಟೆ. ಒಲ್ಲೆ ಅಂತು. ಒರೆಸಿದೆ, ಊದಿದೆ, ಸೋಪು ಹಾಕಿ ತೊಳೆದೆ. ನಾನು ಯಾರೋ, ಅದು ಯಾರೋ.

ಯಜಮಾನರಿಗೆ ಫೋನ್ ಮಾಡಿದೆ. ಅವರು ಹೆಬ್ಬಾಳದ ಫ್ಲೈಓವರ್ ಮೇಲೆ, ಬಸ್ಸಿನಲ್ಲಿ.

"ಪಿನ್ ಹೇಳಿ ಬೇಗ."

"ಬಸ್ಸಲ್ಲಿದೀನಿ ಕಣೇ, ಎಲ್ರಿಗೂ ಕೇಳ್ಸುತ್ತೆ. ಅದನ್ನೆಲ್ಲ ಹಿಂಗೆ ಕೂಗಿ ಹೇಳ್ಬಾರ್ದು."

"ಮೆಸೇಜ್ ಮಾಡಿ ಹಾಗಾದ್ರೆ."

"ಎಲ್ಲೂ ಬರೆದಿಡ್ಬಾರ್ದು ಅಂತ ನೀನೇ ತಾನೆ ಹೇಳಿದ್ದು?"

ಶಾಲೆಯವರು ಮತ್ತೆ ಮತ್ತೆ ಫೋನ್ ಮಾಡಿದರು. ನಾನು ಗೇಟಿನ ಹತ್ತಿರ ನಿಂತು ಕಾದೆ. ಈ ಮಹಾನುಭಾವರು ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, ಬೆರಳಿಟ್ಟರು. ಕಣ್ಣು ಮಿಟುಕಿಸೋದರಲ್ಲಿ ತೆರೆದುಕೊಂಡಿತು.

"ನೋಡಿದ್ಯಾ," ಅಂದರು, "ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ!"

ಹಗ್ಗ

ಆಮೇಲೆ ಕಂಪ್ಯೂಟರ್ ಡಬ್ಬಾನ ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ಒಂದು ಸಣ್ಣ ಸರಪಳಿ ತಂದು ಮೇಜಿನ ಕಾಲಿಗೆ ಬಿಗಿದೆ. ಅವತ್ತೇ ಅತ್ತೆಯ ಅಣ್ಣ, ಹಸು ಸಾಕಿರೋರು, ಹೆಸರಘಟ್ಟದಿಂದ ಗಿಣ್ಣು ಹಾಲು ತಂದರು. ನಿಂತು ನೋಡಿದರು.

"ಕಟ್ಟಾಕಿದ್ದೀಯಲ್ಲವ್ವಾ, ಒದೀತದಾ?"

"ಇಲ್ಲ ದೊಡ್ಡಮಾವ, ಯಾರಾದ್ರೂ ತಗೊಂಡೋಗ್ತಾರೆ ಅಂತ."

"ಇಂಗೆ ಕಟ್ಟಿದ್ರೆ ನಿಲ್ತದಾ? ತಡಿ," ಅಂದೋರು ಸ್ಕೂಟರಿನಿಂದ ಹಗ್ಗ ತಂದು, ಡಬ್ಬಾನ ಮೇಜಿಗೂ ಕಿಟಕಿ ಸರಳಿಗೂ ಸೇರಿಸಿ ಅದೇನು ಗಂಟು ಹಾಕಿದರೋ! ಮುಂದಿನ ವಾರ ಡಬ್ಬಾದೊಳಗಿನ ಫ್ಯಾನ್ ಕೆಟ್ಟು ರಿಪೇರಿಯವರನ್ನ ಕರೆಸಿದರೆ ಗಂಟು ಬಿಚ್ಚೋಕೆ ಆಗಲಿಲ್ಲ. ಕತ್ತರಿ ತಂದೆ. ಅತ್ತೆ ಅಡ್ಡ ನಿಂತರು: "ಅಣ್ಣ ಕಟ್ಟಿರೋದನ್ನ ಕತ್ತರಿಸ್ಬೇಡ."

ದೊಡ್ಡಮಾವನಿಗೆ ಫೋನ್ ಮಾಡಿದೆ. ಅವರು ತುಂಬ ಕಾಳಜಿಯಿಂದ ಕೇಳಿದರು: "ಯಾಕವ್ವಾ, ಮೇಯಕ್ ಬಿಡ್ಬೇಕಾ?"

ಮೇಡಂ ಬಂದರು

ಕೊನೆಗೆ ದೊಡ್ಡಮಾವನೇ ಬಂದು ಗಂಟು ಬಿಚ್ಚಿಕೊಟ್ಟ ಮೇಲೆ, ಒಳಗಿನ ಪುಟ್ಟ ರೂಮನ್ನೇ ಖಾಲಿ ಮಾಡಿಸಿ ಕಂಪ್ಯೂಟರನ್ನ ಅಲ್ಲಿಟ್ಟೆ. ಬಾಗಿಲಿಗೆ ಬೀಗ, ಬೀಗದ ಕೈ ನನ್ನ ತಾಳಿ ಸರದಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಪ್ರಿನ್ಸಿಪಾಲ್ ಮೇಡಂ ಖುದ್ದಾಗಿ ನೋಡೋಕೆ ಬಂದರು. ಬೀಗ ತೆಗೆದು ತೋರಿಸಿದೆ, ಬೆರಳಿಟ್ಟು ತೋರಿಸಿದೆ, ಹೊಸ ಪಾಸ್‌ವರ್ಡನ್ನ ಅವರನ್ನೇ ಆ ಕಡೆ ತಿರುಗಿಸಿ ನಿಲ್ಲಿಸಿ ಒತ್ತಿದೆ. ಮೇಡಂ ಬೆನ್ನು ತಟ್ಟಿದರು. "ಬ್ಯಾಂಕಲ್ಲೂ ಇಷ್ಟು ಬಂದೋಬಸ್ತು ಇರಲ್ಲಮ್ಮ. ಇನ್ಮೇಲೆ ಎಲ್ಲ ತರಗತಿ ಪೇಪರೂ ನಿಂಗೇ."

ನನ್ನ ಕಾಲು ನೆಲದ ಮೇಲಿರಲಿಲ್ಲ. ಹಾಲಿಗೆ ಬಂದು ಕೂತೆವು. ಅತ್ತೆ ಕಾಫಿ ಜೊತೆ ಬಿಸಿ ಚಕ್ಕುಲಿ ತಂದಿಟ್ಟರು. ಮೇಡಂ ಒಂದು ತಿಂದರು, ಇನ್ನೊಂದು ತೆಗೆದರು, ಕೈ ಅಲ್ಲೇ ನಿಂತಿತು. ತಟ್ಟೆಗೆ ಹಾಸಿದ್ದ ಕಾಗದದ ಮೇಲೆ "ಬಿಟ್ಟ ಸ್ಥಳ ತುಂಬಿರಿ" ಅಂತಿತ್ತು. ಬಿಟ್ಟ ಸ್ಥಳವನ್ನೆಲ್ಲ ಎಣ್ಣೆ ತುಂಬಿತ್ತು.

ಪ್ರೂಫ್ ನೋಡಿ ನಾನು ರೂಮಿನ ಹೊರಗಿನ ಕಸದ ಬುಟ್ಟಿಗೆ ಹಾಕಿದ್ದ ಹಾಳೆಗಳು. ಒಂದು ಮಗ್ಗುಲು ಖಾಲಿ ಇರೋ ಕಾಗದ ಬಿಸಾಕೋದು ಅತ್ತೆಯ ಲೆಕ್ಕದಲ್ಲಿ ಪಾಪ.

"ಅಮ್ಮಾ... ಈ ಪೇಪರು..." ಅಂದರು ಮೇಡಂ.

"ಎಣ್ಣೆ ಚೆನ್ನಾಗಿ ಹೀರ್ಕೊಳ್ಳುತ್ತೆ ಮೇಡಂ. ನಿನ್ನೆ ಬೀದಿಯೋರಿಗೆಲ್ಲ ಇದರಲ್ಲೇ ಪೊಟ್ಟಣ ಕಟ್ಟಿ ಕೊಟ್ಟೆ. ಎದುರುಮನೆ ಹುಡುಗಿ ನಿಮ್ಮ ಸ್ಕೂಲೇ ಅಲ್ವಾ? ಎರಡು ಸಲ ಇಸ್ಕೊಂಡು ಹೋದಳು."

ಆ ವಾರ ಕೂತು ಎಲ್ಲ ಪೇಪರನ್ನೂ ಹೊಸದಾಗಿ ಮಾಡಿಕೊಟ್ಟೆ, ಮೇಡಂ ದೊಡ್ಡ ಮನಸ್ಸು ಮಾಡಿ ಕೆಲಸ ಉಳಿಸಿದರು, ಅದೆಲ್ಲ ಆಮೇಲಿನ ಮಾತು. ಆ ಕ್ಷಣದಲ್ಲಿ ನಾನು ನೆಲ ಬಾಯಿಬಿಡಲಿ ಅಂತ ಕಾಯ್ತಿದ್ದೆ. ಮೇಡಂ ಹಣೆ ಒತ್ತಿಕೊಂಡು, ಸೋತ ದನಿಯಲ್ಲಿ ಕೇಳಿದರು: "ಇನ್ನೂ ಎಷ್ಟಿದೆ ಅಮ್ಮಾ?"

ಅತ್ತೆ ಮುಖ ಅರಳಿತು. "ಎರಡು ಡಬ್ಬ ತುಂಬ ಇದೆ! ಸಂಕೋಚ ಪಟ್ಕೋಬೇಡಿ, ಮನೆಗೂ ಕಟ್ಕೊಡ್ತೀನಿ," ಅಂದವರೇ ಒಳಗೆ ಹೋಗಿ ಗಣಿತದ ಪೇಪರ್ ತಂದರು.