ಮಾವನ ಚೌಕಾಬಾರ ತೆರೆಯದ ದಿನ

ನಮ್ಮ ಮನೆಯಲ್ಲಿ ಇಂಟರ್‌ನೆಟ್ ಕೆಟ್ಟರೆ ಅದೊಂದೇ ಕೆಡುವುದಿಲ್ಲ, ಜೊತೆಗೆ ಇನ್ನೇನಾದರೂ ನಡೆದೇ ನಡೆಯುತ್ತದೆ. ಬರೆದು ಅಭ್ಯಾಸವಿಲ್ಲ, ಆದ್ದರಿಂದ ಮೊದಲೇ ಎಲ್ಲ ಬಿಡಿಸಿ ಹೇಳಿಬಿಡುತ್ತೇನೆ. ನಮ್ಮದು ಕೋಡಿಹಳ್ಳಿ ಕಡೆ, ರೇಷ್ಮೆ ಹುಳ ಸಾಕುವ ಮನೆ. ನನ್ನ ತವರು ಸೋಲೂರು. ನನ್ನ ಮಾವ, ಅಂದರೆ ಗಂಡನ ತಂದೆ, ಮತ್ತು ನನ್ನ ಅಪ್ಪ ಇಬ್ಬರೂ ಒಂದು ವೆಬ್‌ಸೈಟಿನಲ್ಲಿ ಚೌಕಾಬಾರ ಆಡುತ್ತಾರೆ. ಇವರು ಇಲ್ಲಿ ಕವಡೆ ಹಾಕಿದರೆ ಅವರಿಗೆ ಅಲ್ಲಿ ಕಾಣುತ್ತದೆ. ಸರದಿ ಬಂದವರು ಗಡುವಿನೊಳಗೆ ಆಡದಿದ್ದರೆ ಸೋತಂತೆ. ಸೋತವರು ಗೆದ್ದವರ ಮನೆಗೆ ಹೋಗಿ, ನೆಂಟರ ಮುಂದೆ "ಸೋತೆ" ಅಂತ ಹೇಳಿ ಊಟ ಮಾಡಬೇಕು. ಇದು ಬೀಗರಿಬ್ಬರ ಒಪ್ಪಂದ.

ಆ ದಿನ ಸರದಿ ಮಾವನದು. ಗಡುವು ಸಂಜೆಗೆ. ಅವರ ಫೋನಿನಲ್ಲಿ ಸೈಟು ಮಾತ್ರ ಬೆಳಗ್ಗೆಯಿಂದ ತೆರೆಯುತ್ತಿಲ್ಲ.

ಒದ್ದೆ ಗೋಣಿ

ವೈಫೈ ಡಬ್ಬಿ ಇರುವುದು ಹುಳುಮನೆಯ ಗೋಡೆಯ ಮೇಲೆ. ಹುಳುಮನೆ ಅಂದರೆ ಹುಳ ಸಾಕುವ ಕೋಣೆ. ಹೋಗಿ ನೋಡಿದರೆ ಡಬ್ಬಿಗೆ ಒದ್ದೆ ಗೋಣಿಚೀಲ ಹೊದಿಸಿತ್ತು.

"ಅತ್ತೆ, ಇದೇನು?"

"ಮುಟ್ಟಿ ನೋಡ್ದೆ, ಸುಡ್ತಾ ಇತ್ತು ಕಣವ್ವ. ಹುಳಕ್ಕೆ ಸೆಕೆ ಆದ್ರೆ ಗೋಣಿ ನೆನೆಸಿ ಕಟ್ಟಲ್ವಾ?"

ತೆಗೆದು ಒರೆಸಿದೆ. ಪುಣ್ಯಕ್ಕೆ ದೀಪಗಳೆಲ್ಲ ಉರಿಯುತ್ತಿದ್ದವು. ಸೈಟು ಮಾತ್ರ ಬರಲಿಲ್ಲ.

ಅತ್ತೆ ಹೇಳಿದರು, "ತಣ್ಣಗಿದ್ದಾಗ್ಲೇ ಬರ್ಲಿಲ್ಲ, ಇನ್ನು ಬಿಸೀಲಿ ಬತ್ತದಾ?"

ಹೊಸಿಲಾಚೆಯ ರಿಪೇರಿ

ಕನಕಪುರದಿಂದ ರಿಪೇರಿಯವನೊಬ್ಬ ಬಂದ. ಅತ್ತೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು.

"ಸೆಂಟು ಹಾಕ್ಕೊಂಡಿದ್ದೀಯಪ್ಪ. ಒಳೀಕೆ ಬರಂಗಿಲ್ಲ."

ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ, ಅದಕ್ಕೆ. ಆತ ಹೊಸಿಲಾಚೆಯೇ ನಿಂತು, ನಮ್ಮ ವೈಫೈನಲ್ಲಿ ತನ್ನ ಫೋನು ತೆರೆದರೆ ಸೈಟು ಚೆನ್ನಾಗಿ ಬಂತು!

"ಲೈನು ಸರಿಯಾಗೈತೆ ಅಮ್ಮ. ಯಜಮಾನ್ರ ಫೋನಲ್ಲೇ ಏನೋ ಐತೆ. ಯಾವುದಕ್ಕೂ ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಹುಳ ಜ್ವರಕ್ಕೆ ಕೂತವೆ ಕಣಪ್ಪ. ಅಲ್ಲಿ ಏನೂ ಅಲ್ಲಾಡಿಸಂಗಿಲ್ಲ."

ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ಬಿಟ್ಟು, ಅಲುಗದೆ ಕೂತು ಪೊರೆ ಕಳಚುವ ಹೊತ್ತಿಗೆ ನಾವು ಹಾಗನ್ನುತ್ತೇವೆ. ಆತನಿಗೆ ಇದು ಗೊತ್ತಿರಲಿಲ್ಲ. "ಯಾವಾಗ ಹುಷಾರಾಗ್ತವೆ?" ಎಂದು ಮರುಕದಿಂದ ಕೇಳಿದ.

"ನಾಳೆ ಏಳ್ತವೆ. ಅಲ್ಲೀಗಂಟ ಇರ್ತೀಯಾ, ಇಲ್ಲಾ ಕಾಫಿ ಕುಡ್ದು ಹೋಗ್ತೀಯಾ?"

ಬೀಗರ ವಿಚಾರಣೆ

ಮಧ್ಯಾಹ್ನ ಮಾವನಿಗೆ ಅಪ್ಪನ ಫೋನು ಬಂತು. ಕರೆಗಳು ಬರುತ್ತಿದ್ದವು, ಸೈಟಿಗಷ್ಟೇ ತೊಂದರೆ.

"ಏನ್ ಬೀಗರೇ, ಕವಡೆ ಕೈ ಜಾರಿ ಸೊಪ್ಪಲ್ಲಿ ಬಿದ್ದೋದ್ವಾ?"

"ಯೋಚ್ನೆ ಮಾಡ್ತಾ ಇದೀನಿ, ಬೀಗರೇ."

"ಮಾಡಿ, ಮಾಡಿ. ಊಟಕ್ಕೆ ಮುದ್ದೆ ಮಾಡಿಸ್ಲಾ, ಅನ್ನ ಸಾಕಾ?"

ಮಾವ ಫೋನನ್ನು ಜಗಲಿಯ ಮೇಲೆ ಬೋರಲು ಹಾಕಿದರು. ಮುಖ ನೋಡಿ ನನಗೆ ಸಂಕಟವಾಯಿತು. ತಟ್ಟೆ ಮುಂದಿಟ್ಟರೆ ಅದನ್ನೂ ಸರಿಸಿಬಿಟ್ಟರು.

"ಬ್ಯಾಡ ಕಣವ್ವ. ಮುದ್ದೆ ನೋಡಿದ್ರೆ ಸೋಲೂರೇ ಕಾಣ್ತದೆ."

ಇವತ್ತು ಯಾವ ದಿನ?

ಸಂಜೆಯಾಗುತ್ತಾ ಬಂದಿತ್ತು. ಮಾವನ ಫೋನನ್ನು ನಾನೇ ಕೈಗೆತ್ತಿಕೊಂಡೆ. ಗೌರಿ ಹಬ್ಬ ಹತ್ತಿರವಿದ್ದರೂ ಪರದೆಯ ಮೇಲೆ ಯುಗಾದಿಯ ದಿನಾಂಕ ಇತ್ತು! ಫೋನಿನ ದಿನಾಂಕ ತೀರಾ ತಪ್ಪಿದ್ದರೆ ಸೈಟುಗಳು ತೆರೆಯುವುದಿಲ್ಲ.

"ಮಾವ, ಇದನ್ನ ಯಾರು ಹಿಂದಕ್ಕೆ ಹಾಕಿದ್ದು?"

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಗಡುವು ಹತ್ರ ಬಂದಿತ್ತು. ಒಸಿ ಹಿಂದಕ್ಕೆ ತಳ್ಳಿದ್ರೆ ಪುರುಸೊತ್ತು ಸಿಕ್ತದೆ ಅಂತ..."

"ಒಸಿ ಅಂದ್ರೆ ಯುಗಾದಿವರೆಗಾ?"

"ಯುಗಾದಿ ಆಟದಲ್ಲಿ ನಾನೇ ಗೆದ್ದಿದ್ದೆ ಕಣವ್ವ."

ದಿನಾಂಕ ಸರಿಮಾಡಿದೆ. ಸೈಟು ತಟ್ಟನೆ ಬಂತು. ಮಾವ ಕವಡೆ ಹಾಕಿದರು, ಕೊನೆಯ ಕಾಯಿ ಹಣ್ಣಾಯಿತು, ಅಂದರೆ ಗೆದ್ದರು! ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ ಅಪ್ಪನಿಗೆ ಫೋನು ಮಾಡಿದೆ.

"ಅಪ್ಪ, ಆಟ ನೋಡಿದ್ಯಾ?"

"ಎಲ್ಲಿ ನೋಡ್ಲವ್ವ? ಬೆಳಗ್ಗಿಂದ ನಮ್ಮನೇಲಿ ಆ ಸೈಟೇ ಬತ್ತಾ ಇಲ್ಲ. ಮಧ್ಯಾಹ್ನ ಅಂದಾಜಲ್ಲೇ ರೇಗಿಸ್ದೆ."

ನನಗೆ ಅನುಮಾನ ಬಂತು. "ಫೋನಲ್ಲಿ ಇವತ್ತು ಯಾವ ದಿನ ತೋರಿಸ್ತಿದೆ, ಅಪ್ಪ?"

ಅಪ್ಪ ಸ್ವಲ್ಪ ಹೊತ್ತು ಕೆಮ್ಮಿದರು. "ಬರೋ ಸಂಕ್ರಾಂತಿ. ನಿಮ್ಮಾವನ ಗಡುವು ಬೇಗ ಮುಗೀಲಿ ಅಂತ ಒಸಿ ಮುಂದಕ್ಕೆ ತಳ್ಳಿದ್ದೆ."

ಹುಳುಮನೆಯ ಬಾಗಿಲಿಂದ ಅತ್ತೆ ಕೂಗಿದರು, "ಒಬ್ರು ಯುಗಾದೀಲವ್ರೆ, ಒಬ್ರು ಸಂಕ್ರಾಂತೀಲವ್ರೆ. ಊಟಕ್ಕೆ ಇಬ್ರೂ ಯಾವತ್ತು ಸೇರ್ತೀರಿ, ಅದನ್ನೇಳಿ!"