ಗುಡ್ಡದ ಬಾಗಿಲಲ್ಲಿ ಸ್ವಾಗತ

ನಕ್ಷೆ ಬರೆಯೋದು ನನ್ನ ಹೊಟ್ಟೆಪಾಡು. ಕಾಗದದ ಮೇಲೆ ಎಲ್ಲ ನೆಟ್ಟಗಿರುತ್ತೆ, ಜಾಗಕ್ಕೆ ಕಾಲಿಟ್ಟರೆ ಏನಾದರೊಂದು ಆಗೇ ಆಗುತ್ತೆ. ಹರಿಹರದ ಆಚೆ ಒಂದು ಗುಡ್ಡಕ್ಕೆ ಚಾರಣದ ದಾರಿ ಮಾಡುವಾಗಂತೂ ದಿನಾ ಆಯಿತು. ಗುಡ್ಡದ ಬುಡದಲ್ಲಿ ಮ್ಯಾಸ ನಾಯಕ ಬುಡಕಟ್ಟಿನವರ ಹಟ್ಟಿ. ತಲೆತಲಾಂತರದಿಂದ ಅವರು ಅಲ್ಲಿಯವರು. ದಾರಿ ಶುರುವಾಗುವ ಜಾಗ ಬಂದವರನ್ನು ಪ್ರೀತಿಯಿಂದ ಕರೆಯಬೇಕು, ಹಟ್ಟಿಯವರ ಮರ್ಯಾದೆಯೂ ಉಳಿಯಬೇಕು. ಹಟ್ಟಿಯ ಹಿರಿಯಜ್ಜಿ ಒಪ್ಪದಿದ್ದರೆ ದಾರಿಯೇ ಇಲ್ಲ ಅಂತ ಮೊದಲೇ ಮಾತಾಗಿತ್ತು.

೧. ಹುಂಜ

ದಾವಣಗೆರೆಯಿಂದ ಬಂದ ಪೇಂಟರ್, ಹಳ್ಳಿ ಕಳೆ ಬರಲಿ ಅಂತ ದಾರಿಯ ಶುರುವಲ್ಲಿ ಕಟ್ಟಿದ್ದ ಸ್ವಾಗತ ಕಮಾನಿನ ಮೇಲೆ ಭರ್ಜರಿ ಹುಂಜ ಬರೆದ. ಅಜ್ಜಿ ದೂರದಲ್ಲೇ ನಿಂತುಬಿಟ್ಟರು.

"ಯಾಕಜ್ಜಿ, ಚೆನ್ನಾಗಿಲ್ವಾ?" ಅಂದೆ.

"ಚೆಂದ ಐತಪ್ಪಾ. ಆದ್ರ ನಮ್ಮ ಕುಲದಾಗ ಕೋಳಿ ಮುಟ್ಟಂಗಿಲ್ಲ, ಹಟ್ಟಿಯೊಳಗೂ ಬಿಡಂಗಿಲ್ಲ. ಊರೋರಿಗೆಲ್ಲ ಬರ್ರಿ ಅಂತ ಬರ್ದು, ನಮಗ ಹೊರಗ ನಿಂದ್ರಿ ಅಂದಂಗಾತು."

ಪೇಂಟರ್ ನಾಚಿಕೊಂಡು, ಸಂಜೆಯೊಳಗೆ ಹುಂಜವನ್ನೇ ತಿದ್ದಿ ಎತ್ತು ಮಾಡಿದ. ತಲೆ ಮೇಲಿನ ಜುಟ್ಟು ಅಳಿಸೋದು ಮಾತ್ರ ಮರೆತಿದ್ದ. ಅಜ್ಜಿ ಹತ್ತಿರ ಬಂದು ಕೇಳಿದರು, "ಇದು ಹೊಲ ಉಳ್ತೈತೋ, ಬೆಳಿಗ್ಗೆ ಕೂಗ್ತೈತೋ?"

೨. ಗೊರಕೆ

ಹಟ್ಟಿಯ ಹಿರಿಯರ ನೆನಪಿಗೆ ನೆಟ್ಟ ಕಲ್ಲುಗಳ ಮಗ್ಗುಲಲ್ಲೇ ದಾರಿ ಹಾದುಹೋಗುತ್ತಿತ್ತು. ಅಜ್ಜಿ ಅಡ್ಡ ನಿಂತರು. "ಸುತ್ತಿ ಹೋಗ್ರಿ. ಇಲ್ಲಾಂದ್ರ ದಾರಿನ ಬ್ಯಾಡ."

ಕೆಲಸ ವಹಿಸಿದ್ದ ಇಲಾಖೆಯ ಸಾಹೇಬರು, "ಎಷ್ಟು ದೂರ ಸುತ್ತಬೇಕಜ್ಜಿ?" ಅಂದರು.

"ನಿಮ್ಮಜ್ಜ ಮಲಗಿದ್ರ ಎಷ್ಟು ದೂರದಾಗ ಓಡಾಡ್ತಿದ್ರಿ?"

ಸಾಹೇಬರು ಸ್ವಲ್ಪ ಯೋಚಿಸಿದರು. "ನಮ್ಮಜ್ಜನ ಗೊರಕೆಗೆ ಆಚೆ ಬೀದಿಗೇ ಹೋಗ್ತಿದ್ವಿ."

ದಾರಿ ಅಷ್ಟೇ ದೂರ ಸುತ್ತಿಕೊಂಡಿತು. ನಕ್ಷೆಯಲ್ಲಿ ಆ ತಿರುವಿಗೆ ನಾವು ಈಗಲೂ ಗೊರಕೆ ತಿರುವು ಅಂತೀವಿ.

೩. ಬರ್ರಿ, ಕೂಡ್ರಿ

ಸ್ವಾಗತದ ಫಲಕದಲ್ಲಿ ಹಟ್ಟಿಯ ಮಾತೇ ಇರಲಿ ಅನ್ನಿಸಿತು. "ಮನೆಗೆ ಯಾರಾದರೂ ಬಂದರೆ ಏನಂತೀರಜ್ಜಿ?"

"ಬರ್ರಿ, ಕೂಡ್ರಿ, ನೀರು ಕುಡೀರಿ ಅಂತೀವಿ."

ಹಾಗೇ ಬರೆಸಿದೆವು. ಪಕ್ಕದಲ್ಲಿ ಕಲ್ಲಿನ ಕಟ್ಟೆ, ಮರದ ನೆರಳು, ಮಣ್ಣಿನ ಕೊಡದಲ್ಲಿ ನೀರು. ದಾರಿ ತೆರೆದ ದಿನ ಹರಿಹರದಿಂದ, ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಮನೆಮಂದಿಯೆಲ್ಲ ಬಂದರು. ಫಲಕ ಓದಿದರು, ಕೂತರು, ನೀರು ಕುಡಿದರು, ಮಂಡಕ್ಕಿ ಪೊಟ್ಟಣ ಬಿಚ್ಚಿದರು. ಗುಡ್ಡ ಹತ್ತಲು ಒಬ್ಬರೂ ಏಳಲಿಲ್ಲ. ಅಜ್ಜಿ ಅವರ ನಡುವೆ ಕೂತು, ಎಲ್ಲರ ಊರು ಕೇರಿ ವಿಚಾರಿಸುತ್ತ ಖುಷಿಯಾಗಿದ್ದರು.

ಸಾಹೇಬರು ಚಡಪಡಿಸಿದರು. "ಇವರು ಏಳೋ ಹಂಗೆ ಇನ್ನೊಂದು ಸಾಲು ಬರೆಸ್ರೀ!"

ನಾನು ಅಜ್ಜಿಯ ಕಿವಿಯಲ್ಲಿ ಕೇಳಿದೆ, "ಬಂದೋರು ಬಾಳ ಹೊತ್ತು ಕೂತರೆ ಏನಂತೀರಿ?"

"ಇನ್ನೇನಂತೀವಿ? ಊಟ ಮಾಡ್ಕೊಂಡ ಹೋಗ್ರಿ ಅಂತೀವಿ."